ಬೀಗರ ಟೀವಿಯ ದೆವ್ವ

ಕೆಲಮಂಗಲ,
೧೪ ಡಿಸೆಂಬರ್ ೨೦೨೪, ಶನಿವಾರ

ಕೃಷ್ಣಗಿರಿಯ ಬೀಗರ ಮನೆಯ ನಡುಮನೆಯಲ್ಲಿ ನೆರೆದಿರುವ ಸಮಸ್ತ ಸಭಿಕರೇ! ಸೋಫಾದ ಮೇಲೆ ಕುಳಿತವರೇ, ಚಾಪೆಯ ಮೇಲೆ ಕಾಲು ಚಾಚಿದವರೇ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿವಿ ಕೊಟ್ಟವರೇ! ಮಿಕ್ಸಿ ನಿಲ್ಲಲಿ, ಗದ್ದಲ ಅಡಗಲಿ, ಗೋಡೆಯ ಮೇಲಿನ ಆ ದೊಡ್ಡ ಟೀವಿ ಸ್ವಲ್ಪ ಹೊತ್ತು ಬಾಯಿ ಮುಚ್ಚಲಿ! ಈ ಕಾಗದ ಬರೆದಿರುವುದು ನನ್ನ ಹೆಂಡತಿಗೆ. ಆದರೆ ಓದುವವಳು ನನ್ನ ಮಗಳು ಮಾಲಿನಿ, ಕೇಳುವವರು ಮನೆಮಂದಿಯೆಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಫೋನ್ ಮಾಡಿದರೂ ಸ್ಪೀಕರ್ ಹಾಕಿ ನಡುವೆ ಇಟ್ಟುಬಿಡುತ್ತೀರಿ. ನಾನು ನನ್ನ ಹೆಂಡತಿಯನ್ನು ಊಟವಾಯಿತೇ ಎಂದು ಕೇಳಿದರೆ ಬೀಗರು ‘ಆಯ್ತು’ ಎನ್ನುತ್ತಾರೆ. ಆದ್ದರಿಂದ ಮೊದಲೇ ಸಭೆಗೆ ಕೈ ಮುಗಿದುಬಿಟ್ಟಿದ್ದೇನೆ. ಮಾಲಿನೀ, ಗಟ್ಟಿಯಾಗಿ ಓದಮ್ಮ. ಹಿಂದಿನ ಸಾಲಿಗೂ ಕೇಳಬೇಕು.

ಪ್ರೀತಿಯ ರಾಮಲಕ್ಷ್ಮೀ,

ಹೇಗಿದ್ದೀಯೆ? ನಿನ್ನ ಎಡಮಂಡಿ ಹೇಗಿದೆ? ಆ ಮನೆಯ ಮೆಟ್ಟಿಲನ್ನು ಹತ್ತಿ ಇಳಿದು ಊದಿಸಿಕೊಳ್ಳಬೇಡ. ಮಾಲಿನಿಗೆ ಹಾಲು ಸಾಕಷ್ಟು ಬರುತ್ತಿದೆಯೇ, ಕೂಸು ಮೈ ತುಂಬಿಕೊಳ್ಳುತ್ತಿದೆಯೇ? ಎರಡನೆಯ ಬಾಣಂತನ ಹಗುರ ಎನ್ನುವವರ ಮಾತು ಕೇಳಿ ಅವಳನ್ನು ಬೇಗ ತಣ್ಣೀರಿಗೆ ಕೈ ಹಾಕಲು ಬಿಡಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಪಕ್ಕದ ಮನೆಯ ಪಿಳ್ಳಮ್ಮ ದಿನವೂ ಅವರೆಕಾಳಿನ ಸಾರು ಕಳಿಸುತ್ತಾಳೆ, ಅದರ ಜೊತೆಗೆ ಒಂದು ಮಾತನ್ನೂ ಕಳಿಸುತ್ತಾಳೆ: ‘ಏನ್ ಮುತ್ತರಾಯಪ್ಪಣ್ಣ, ಎಂಡ್ರು ಊರಿಗೋದ್ರೆ ಇಂಗಾ ಮಂಕಾಗ್ಬುಡೋದು?’ ನಾನು ಮಂಕಾಗಿಲ್ಲ, ಸಿಟ್ಟಾಗಿದ್ದೇನೆ. ಅವಳಿಗೆ ಎರಡರ ವ್ಯತ್ಯಾಸ ತಿಳಿಯದು. ಸಾನಮಾವು ಕಡೆಯ ನಮ್ಮ ಹೊಲದ ರಾಗಿ ಕೊಯ್ದಾಯಿತು. ಜವಳಗಿರಿ ಕಾಡಿನ ಕಡೆಯಿಂದ ಆನೆಗಳು ಇಳಿದಿವೆ ಎಂದು ಸುದ್ದಿ ಬಂದ ದಿನವೇ ತೆನೆಯನ್ನೆಲ್ಲ ಊರೊಳಗೆ ಸಾಗಿಸಿಬಿಟ್ಟೆ. ನೀನಿದ್ದಿದ್ದರೆ ಇಷ್ಟು ಅವಸರ ಬೇಕಿರಲಿಲ್ಲ. ಆ ವರ್ಷ ಒಂಟಿಸಲಗ ಬದುವಿನ ಮೇಲೆ ನಿಂತಾಗ ನಾನು ಗದೆ ಮರೆತ ರಾಜನ ಹಾಗೆ ನಿಂತಲ್ಲೇ ನಿಂತಿದ್ದೆ; ಎಣ್ಣೆ ಡಬ್ಬ ಬಡಿಯುತ್ತಾ ‘ಓಗ್ಲಾ ಅತ್ಲಾಗೆ’ ಎಂದು ಗದರಿ ಅದನ್ನು ತಿರುಗಿಸಿದವಳು ನೀನು. ಇಷ್ಟು ಕ್ಷೇಮಸಮಾಚಾರ.

ಈಗ ವಿಷಯಕ್ಕೆ ಬರುತ್ತೇನೆ. ಮಂಗಳವಾರ ಸಂಜೆ ನೀನು ಫೋನಿನಲ್ಲಿ ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದೆ. ‘ಬೀಗರು ಎಷ್ಟ್ ಚೆಂದಾಗಿ ಬುಡಿಸಿ ಯೋಳ್ತಾರೆ ಅಂತೀರಾ! ದೆವ್ವ ಅಲ್ವಂತೆ, ಎಲ್ಲಾ ಕಂಪ್ಯೂಟರ್ ಆಟವಂತೆ. ಕಣ್ ಬುಟ್ಕಂಡೇ ನೋಡ್ಬುಟ್ಟೆ ಇವತ್ತು!’ ಎಷ್ಟು ಸಂತೋಷವಿತ್ತು ನಿನ್ನ ದನಿಯಲ್ಲಿ! ನಾನು ನಡುವೆಯೇ ಫೋನ್ ಇಟ್ಟೆ. ಸಿಗ್ನಲ್ ಹೋಯಿತೆಂದು ನೀವೆಲ್ಲ ತಿಳಿದಿರಬಹುದು. ಸಿಗ್ನಲ್ ಹೋಗಿರಲಿಲ್ಲ, ಸಭಿಕರೇ. ಹೋದದ್ದು ನನ್ನ ಮಾನ.

ನೆನಪಿದೆಯೇ ನಿನಗೆ, ಮದುವೆಯಾದ ಹೊಸತರಲ್ಲಿ ಇಲ್ಲೇ ಊರ ಹೊರಗೆ ಟೆಂಟು ಹಾಕಿದ್ದರು. ಮರಳಿನ ಮೇಲೆ ಕುಳಿತು ನಾವು ನೋಡಿದ ಮೊದಲ ಪಿಚ್ಚರೇ ದೆವ್ವದ್ದು. ಗೆಜ್ಜೆಯ ಸದ್ದು ಬಂದಿದ್ದೇ ತಡ, ನೀನು ಸೆರಗನ್ನು ಮುಖದ ಮೇಲೆಳೆದುಕೊಂಡು ನನ್ನ ಮೊಣಕೈ ಹಿಡಿದೆ. ‘ನಾ ನೋಡಲ್ಲಪ್ಪ. ಏನಾಯ್ತು ಅಂತ ನೀವೇ ಯೋಳಿ.’ ಅದುವರೆಗೆ ನನ್ನ ಕೈ ಹಿಡಿಯಲೂ ನಾಚುತ್ತಿದ್ದವಳು ನೀನು. ನಾನು ನಿನ್ನ ಕಿವಿಯ ಹತ್ತಿರ ಬಾಗಿ ಹೇಳತೊಡಗಿದೆ. ಪಿಸುಗುಟ್ಟಿದೆ ಎಂದೇ ನಾನು ತಿಳಿದಿದ್ದೆ. ಆದರೆ ನಾಟಕದಲ್ಲಿ ರಾಜಪಾರ್ಟು ಮಾಡಿದ ಗಂಟಲು, ಎಷ್ಟು ಇಳಿಸಿದರೂ ಟೆಂಟಿನ ಕಂಬಕ್ಕೆ ಮುಟ್ಟುತ್ತಿತ್ತು. ಮುಂದಿನವರು ತಿರುಗಿ ತಮಿಳಿನಲ್ಲಿ ಬೈದರು, ಹಿಂದಿನವರು ತೆಲುಗಿನಲ್ಲಿ ಬೈದರು. ಕನ್ನಡದವನೊಬ್ಬ ಮಾತ್ರ ‘ಇನ್ನೊಸಿ ಜೋರಾಗ್ ಯೋಳಣ್ಣೋ, ನಾನೂ ಕಣ್ ಮುಚ್ಕಂಡಿವ್ನಿ’ ಎಂದ. ಅಂದಿನಿಂದ ಟೆಂಟು ಹೋಗಿ ಥಿಯೇಟರ್ ಬಂತು, ಮರಳು ಹೋಗಿ ಕುರ್ಚಿ ಬಂತು, ಹೊಸೂರಿನಲ್ಲಿ ಕುರ್ಚಿಯೂ ಹಿಂದಕ್ಕೆ ಬಾಗತೊಡಗಿತು. ನಮ್ಮ ಪದ್ಧತಿ ಮಾತ್ರ ಬದಲಾಗಲಿಲ್ಲ. ದೆವ್ವ ಯಾವ ಭಾಷೆಯಲ್ಲಿ ಅತ್ತರೂ ನಿನಗೆ ಅದು ಅತ್ತದ್ದು ನನ್ನ ಕನ್ನಡದಲ್ಲಿ.

ಬೀಗರಾದ ರಾಮಮೂರ್ತಿಯವರೇ, ತಾವು ದೊಡ್ಡವರು. ನನ್ನ ಮಗಳನ್ನು ಸುಖವಾಗಿ ಇಟ್ಟುಕೊಂಡಿದ್ದೀರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ದೆವ್ವ ಬರುವ ಹೊತ್ತಿಗೆ ರಿಮೋಟ್ ಒತ್ತಿ ಅದನ್ನು ನಡುದಾರಿಯಲ್ಲಿ ನಿಲ್ಲಿಸಿ, ‘ಭಯ ಬೀಳ್ಬೇಡಿ ಅಕ್ಕ, ಇದು ಹಸಿರು ಬಟ್ಟೆ ಮುಂದೆ ತೆಗ್ದಿರೋದು’ ಎಂದು ಪಾಠ ಹೇಳುತ್ತೀರಂತಲ್ಲ, ಇದು ಯಾವ ನ್ಯಾಯ? ನಾಟಕ ನಡೆಯುವಾಗ ಪರದೆ ಎತ್ತಿ ಬಣ್ಣದ ಮನೆ ತೋರಿಸುವುದುಂಟೇ? ರಾಕ್ಷಸ ಮೀಸೆಗೆ ಗೋಂದು ಹಚ್ಚುತ್ತಾ ಬೀಡಿ ಸೇದುವುದನ್ನು ಕಂಡವರು ಆಮೇಲೆ ಅವನಿಗೆ ಹೆದರುತ್ತಾರೆಯೇ? ತಾವು ವಿದ್ಯುತ್ ಇಲಾಖೆಯಲ್ಲಿ ದುಡಿದು ಊರೂರಿಗೆ ಕರೆಂಟ್ ಕೊಟ್ಟವರು. ಕತ್ತಲೆಯ ಬೆಲೆ ತಮಗೆಲ್ಲಿ ತಿಳಿಯಬೇಕು? ನಾನು ಇಷ್ಟು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ನನ್ನ ಹೆಂಡತಿಯ ಹೆದರಿಕೆಯನ್ನು ತಾವು ಒಂದು ಸಂಜೆಯಲ್ಲಿ, ಹೆಬ್ಬೆರಳಿನಿಂದ, ತೆಗೆದುಬಿಟ್ಟಿರಿ.

ದೆವ್ವದ ಪಿಚ್ಚರಿನ ಬಗ್ಗೆ ತಮ್ಮ ಅಭಿಪ್ರಾಯವನ್ನೂ ಕೇಳಿದ್ದೇನೆ: ಈಗಿನ ದೆವ್ವಗಳೇ ಮೇಲಂತೆ, ಹಲ್ಲಿನ ಸಂದಿಯ ರಕ್ತ ಕೂಡ ಸ್ಪಷ್ಟವಾಗಿ ಕಾಣುತ್ತದಂತೆ. ಅಯ್ಯಾ, ರಕ್ತ ಕಾಣಬೇಕಾದರೆ ಕೋಳಿ ಅಂಗಡಿಗೆ ಹೋದರೆ ಸಾಲದೇ? ಈಗಿನ ದೆವ್ವಕ್ಕೆ ಪ್ರವೇಶವೇ ಗೊತ್ತಿಲ್ಲ. ಬಾಯಿಯನ್ನು ಕೊಟ್ಟಿಗೆ ಬಾಗಿಲಿನಷ್ಟು ತೆರೆದುಕೊಂಡು ಧಡ್ ಎಂದು ಬಂದು ನಿಲ್ಲುತ್ತದೆ. ನಮ್ಮ ರಂಗದ ಮೇಲೆ ರಾಕ್ಷಸ ಬರಬೇಕಾದರೆ ಮೊದಲು ಹಾರ್ಮೋನಿಯಂ ಒಂದು ಸ್ವರಕ್ಕೆ ಅಂಟಿಕೊಳ್ಳುತ್ತಿತ್ತು, ಆಮೇಲೆ ಒಳಗಿನಿಂದ ಹಲಗೆ ತುಳಿದ ಸದ್ದು, ಆಮೇಲೆ ಪರದೆಯ ಮೇಲೆ ಬರೀ ಬೆರಳು. ಅಷ್ಟಕ್ಕೇ ಮುಂದಿನ ಸಾಲಿನ ಮಕ್ಕಳೆಲ್ಲ ತಾಯಂದಿರ ಮಡಿಲಲ್ಲಿರುತ್ತಿದ್ದರು. ನನ್ನ ಲೆಕ್ಕದಲ್ಲಿ ಒಳ್ಳೆಯ ದೆವ್ವ ಎಂದರೆ ಸುಮ್ಮನೆ ನಿಂತಿರುವ ದೆವ್ವ. ಹೋದ ವರ್ಷ ಹೊಸೂರಿನಲ್ಲಿ ನಾವು ನೋಡಿದ, ಹಿತ್ತಿಲಲ್ಲಿ ಒಗೆದ ಬಟ್ಟೆಗಳ ನಡುವೆ ಬಟ್ಟೆಯ ಹಾಗೇ ನಿಂತಿದ್ದ ಆ ಮುದುಕಿ, ಅದು ದೆವ್ವ! ಆಮೇಲೆ ಒಂದು ತಿಂಗಳು ನೀನು ಒಣಗಿದ ಬಟ್ಟೆ ತರಲು ನನ್ನನ್ನೇ ಕಳಿಸಿದೆ.

ಇನ್ನು ಹೊಡೆದಾಟದ ಪಿಚ್ಚರ್. ಬೀಗರಿಗೆ ಮೆಚ್ಚಿನ ಹೀರೋ ಒಂದು ಗುದ್ದು ಗುದ್ದಿದರೆ ಮೂರು ಜೀಪು ಪಲ್ಟಿಯಾಗುತ್ತವೆ. ಹಿಂದೆ ಪೆಟ್ರೋಲ್ ಬಂಕು ಹೊತ್ತಿ ಉರಿಯುತ್ತಿದ್ದರೂ ಅವನು ತಿರುಗಿ ನೋಡದೆ ಕನ್ನಡಕ ಹಾಕಿಕೊಂಡು ನಡೆದು ಬರುತ್ತಾನೆ. ಬೆನ್ನ ಹಿಂದೆ ಬೆಂಕಿ ಬಿದ್ದರೂ ತಿರುಗದವನು ವೀರನಲ್ಲ ಸ್ವಾಮೀ, ಕಿವುಡ! ಹೊಡೆಯುವುದು ಯಾರಿಗಾದರೂ ಬರುತ್ತದೆ, ಬೀಳುವುದು ವಿದ್ಯೆ. ನಾನು ಗದಾಯುದ್ಧದಲ್ಲಿ ತೊಡೆ ಮುರಿದು ಬೀಳುವಾಗ ಮೊದಲು ಒಂದು ಮಂಡಿ ಕೊಡುತ್ತಿದ್ದೆ, ಎದ್ದೇನೆಂದು ಜನ ಉಸಿರು ಹಿಡಿಯುವಷ್ಟು ಹೊತ್ತು ತಡೆಯುತ್ತಿದ್ದೆ, ಆಮೇಲೆ ಕಿರೀಟ ಮೊದಲು ಉರುಳುತ್ತಿತ್ತು, ನಾನು ಅದರ ಹಿಂದೆ. ತಳಿ ಊರಿನಲ್ಲಿ ಆಡಿದಾಗ ಮುದುಕಿಯೊಬ್ಬಳು ರಂಗಕ್ಕೇ ಹತ್ತಿ ನನ್ನ ತೊಡೆಗೆ ಅರಿಶಿನ ಮೆತ್ತಿದ್ದಳು. ಗೋಡೆಯ ಟೀವಿ ಎಷ್ಟೇ ದೊಡ್ಡದಿರಲಿ, ಅದಕ್ಕೆ ಯಾರಾದರೂ ಅರಿಶಿನ ಮೆತ್ತಿದ್ದಾರೆಯೇ?

ನನಗೆ ಹೊಟ್ಟೆಕಿಚ್ಚು ಎಂದು ಬೀಗರು ನಗುತ್ತಿರಬಹುದು. ನಗಲಿ. ಹೊಟ್ಟೆಕಿಚ್ಚೇ. ತುಂಬಿದ ಸಭೆಯಲ್ಲಿ ಒಪ್ಪಿಕೊಂಡೆ. ಊಟಕ್ಕೆ ಕುಳಿತರೆ, ಈ ಹೊತ್ತಿಗೆ ಅವರು ರಿಮೋಟ್ ಹಿಡಿದಿರುತ್ತಾರೆ, ಇವಳು ‘ಹೌದಾ ಅಣ್ಣ?’ ಎಂದು ಕೇಳುತ್ತಿರುತ್ತಾಳೆ ಎನ್ನಿಸುತ್ತದೆ. ನಿನ್ನೆ ಅವರೆಕಾಯಿ ಸುಲಿಯುತ್ತಾ ಕಾಳನ್ನು ಎಸೆದು ಸಿಪ್ಪೆಯನ್ನು ಬುಟ್ಟಿಗೆ ತುಂಬಿದ್ದೆ. ಪಿಳ್ಳಮ್ಮ ಕಂಡು, ‘ಓಗಿ ಎಂಡ್ರುನ್ನ ಕರ್ಕಂಬಾ ಅಣ್ಣ, ಅವರೆ ಹಾಳಾಗ್ತೈತೆ’ ಎಂದಳು.

ಇರಲಿ. ಅಳಿಯಂದಿರು ಕಂಪನಿಯಿಂದ ನೇರವಾಗಿ ಇಲ್ಲಿಗೆ ಬಂದಿದ್ದಾರೆ, ಬಾಣಂತಿಗೆ ರಾಗಿಹಿಟ್ಟು, ಬೆಳ್ಳುಳ್ಳಿ ಕೊಂಡೊಯ್ಯಲು. ಈ ಕಾಗದವೂ ಅವರ ಚೀಲದಲ್ಲೇ ಬರುತ್ತದೆ. ಸುಲಿದ ಅವರೆಕಾಳೂ ಇದೆ. ಬೀಗರಿಗೆ ಮೊದಲು ಬಡಿಸು, ನನ್ನ ಜಗಳ ಅವರ ರಿಮೋಟಿನ ಜೊತೆ, ಹೊಟ್ಟೆಯ ಜೊತೆಯಲ್ಲ. ಮಾಲಿನಿಗೆ, ಹಿರಿಯ ಮೊಮ್ಮಗನಿಗೆ, ಇನ್ನೂ ಹೆಸರಿಡದ ಆ ಪುಟ್ಟ ರಾಣಿಗೆ ತಾತನ ತುಂಬು ಆಶೀರ್ವಾದ. ಬೀಗರಿಗೂ ಬೀಗಿತ್ತಿಯವರಿಗೂ ನಮಸ್ಕಾರ. ಸಭೆಗೆ ಮಂಗಳವಾಗಲಿ, ಪರದೆ ಬೀಳಲಿ.

ನಿನ್ನ ಕಿವಿಗೆ ಸೇರಿದವನು,
ಮುತ್ತರಾಯಪ್ಪ

ಮರೆತದ್ದು: ಮಾಲಿನೀ, ಇಲ್ಲಿಗೆ ನಿಲ್ಲಿಸಮ್ಮ. ಇಲ್ಲಿಂದಾಚೆಗೆ ಮಡಿಸಿ ಅಮ್ಮನ ಕೈಗೆ ಕೊಡು. ರಾಮಲಕ್ಷ್ಮೀ, ನೀನು ನಮ್ಮ ನಾಟಕದ ಕರಪತ್ರ ನೋಡಿ ಅಕ್ಷರ ಕೂಡಿಸಲು ಕಲಿತವಳು, ಅದಕ್ಕೇ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಒಬ್ಬಳೇ ಕೂತು ಓದು. ಬೀಗರ ಮೇಲಿನ ಸಿಟ್ಟಿಗೆ ಗುರುವಾರ ಹೊಸೂರಿಗೆ ಹೋಗಿ ಹೊಸ ದೆವ್ವದ ಪಿಚ್ಚರಿಗೆ ಒಬ್ಬನೇ ಕುಳಿತೆ, ಮ್ಯಾಟ್ನಿ ಆಟಕ್ಕೆ. ಪಕ್ಕದ ಕುರ್ಚಿಯ ಮೇಲೆ ಟವೆಲ್ ಹಾಸಿದ್ದೆ. ಬಾಗಿಲು ಕಿರ್ ಎಂದು ತಾನೇ ತೆರೆಯಿತು. ‘ಬಂತು ಕಣೇ’ ಎಂದು ಟವೆಲ್ಲಿನ ಕಡೆ ತಿರುಗಿದೆ. ದೆವ್ವ ಬಂದು ಹೋಗುವವರೆಗೂ ಆ ಟವೆಲ್ಲನ್ನೇ ನೋಡುತ್ತಾ ಕುಳಿತಿದ್ದೆ. ಆಗ ತಿಳಿಯಿತು ನೋಡು: ಇಷ್ಟು ವರ್ಷ ಒಂದು ದೆವ್ವವನ್ನೂ ನಾನು ನೆಟ್ಟಗೆ ನೋಡಿಲ್ಲ. ಅದು ಬರುವ ಹೊತ್ತಿಗೆಲ್ಲ ನಾನು ನಿನ್ನ ಕಿವಿಯ ಕಡೆ ತಿರುಗಿರುತ್ತಿದ್ದೆ. ಸದ್ದು ಕೇಳಿ, ನಿನ್ನ ಬೆರಳು ಎಷ್ಟು ಬಿಗಿಯಾಯಿತೆಂದು ನೋಡಿ, ಮಿಕ್ಕದ್ದನ್ನು ನಾನೇ ಕಟ್ಟಿ ಹೇಳುತ್ತಿದ್ದೆ. ಬಟ್ಟೆಗಳ ನಡುವೆ ನಿಂತ ಆ ಮುದುಕಿ ಪಿಚ್ಚರಿನಲ್ಲಿದ್ದಳೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಧೈರ್ಯ ಮಾಡಿ ಪರದೆಯ ಕಡೆ ತಿರುಗಿದೆ, ಮತ್ತೆ ಬಂತು, ಟವೆಲ್ ಎತ್ತಿ ನನ್ನ ಮುಖಕ್ಕೇ ಹಾಕಿಕೊಂಡೆ. ಏನಾಯಿತೆಂದು ಹೇಳುವವರು ಯಾರೂ ಇರಲಿಲ್ಲ.

ಅದಕ್ಕಿಂತ ಉರಿಯುವುದು ಇದು: ನೀನು ಕಣ್ಣು ಬಿಟ್ಟುಕೊಂಡು ದೆವ್ವ ನೋಡುವಾಗ ನಿನ್ನ ಮುಖ ಹೇಗಿರುತ್ತದೆ ಎಂಬುದು ಈಗ ಬೀಗರಿಗೆ ಗೊತ್ತು. ನನಗೆ ಗೊತ್ತಿಲ್ಲ. ಸಲಗವನ್ನು ಗದರಿಸಿ ಓಡಿಸಿದವಳು ನೀನು. ಬಣ್ಣದ ದೆವ್ವಕ್ಕೆ ನಿಜವಾಗಿ ಹೆದರಿದ್ದೆಯೋ, ಇಲ್ಲ ನಾನು ಹೇಳಲಿ ಎಂದೇ ಸೆರಗು ಎಳೆದುಕೊಳ್ಳುತ್ತಿದ್ದೆಯೋ, ಈ ಕಾಗದದಲ್ಲಿ ಕೇಳುವುದಿಲ್ಲ. ಕತ್ತಲೆಯಲ್ಲಿ ಕೇಳುತ್ತೇನೆ. ಹೊರಗೆ ಅಳಿಯಂದಿರು ಗಾಡಿಯ ಹಾರ್ನ್ ಹೊಡೆಯುತ್ತಿದ್ದಾರೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಅದೇ ಪಿಚ್ಚರ್ ಕೃಷ್ಣಗಿರಿಯಲ್ಲೂ ಓಡುತ್ತಿದೆಯಂತೆ. ಕೂಸಿಗೆ ನೀರು ಹಾಕಿ ಮಲಗಿಸಿ, ಬೀಗಿತ್ತಿಯವರಿಗೆ ಹೇಳಿ ಸಿದ್ಧವಾಗಿರು. ಈ ಸಲ ನೋಡುವವಳು ನೀನು, ಹೇಳುವವಳೂ ನೀನು, ಟವೆಲ್ ನನ್ನದು. ಬೀಗರು ಕೇಳಿದರೆ ಮೊಮ್ಮಗಳನ್ನು ನೋಡಲು ಬಂದಿದ್ದಾರೆ ಎನ್ನು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡುತ್ತೇನೆ.