ಸವಳದಿನ್ನಿಯ ಹಳ್ಳ ಎಲ್ಲಿತ್ತು?

ಇಸವಿ ೨೨೧೪, ಹೊಂಗೆ ಚಿಗುರಿದ ಒಂಬತ್ತನೇ ದಿನ.

ಹಿಂದಿನವರೇ,

ನಾನು ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟವಳು. ನಿಮ್ಮ ಕಾಲದ ಕನ್ನಡ ನನಗೆ ಪೂರ್ತಿ ಬಾರದು, ನನ್ನದು ನಿಮಗೆ ತಿಳಿಯಲಿಕ್ಕಿಲ್ಲ. ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ಕಟುವೆನಿಸಿದರೆ ಕ್ಷಮಿಸುವುದು ಬೇಡ, ಬೇಕೆಂದೇ ಬರೆದದ್ದು.

ನೀವು ಪರ್ಮಾಕಲ್ಚರ್ ಎನ್ನುತ್ತಿದ್ದುದಕ್ಕೆ ನಾವು ನೆಲೆಗಾರಿಕೆ ಎನ್ನುತ್ತೇವೆ. ಹೊಲ ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ಮಾಡಿ ಮನುಷ್ಯ ಪಕ್ಕಕ್ಕೆ ಸರಿಯುವುದು, ಅಷ್ಟೇ. ನಿಮ್ಮ ಕಾಲುವೆ ನೀರು ಕುಡಿದು ಕುಡಿದು ನಮ್ಮೂರು ಸವಳದಿನ್ನಿಯ ನೆಲದಲ್ಲಿ ಉಪ್ಪು ಮೇಲೆದ್ದಿತ್ತು. ಈಗ ತಗ್ಗಿನ ಹೊಂಗೆ ಬೇರಿಳಿಸಿ ಅಡಿನೀರು ಹೀರುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ಹೊಂಗೆಯ ಎಲೆ ನುಗ್ಗೆಯ ಬುಡಕ್ಕೆ, ನುಗ್ಗೆಯ ನೆರಳು ಸೊಪ್ಪಿಗೆ, ಸೊಪ್ಪಿನ ಹುಳು ಬಾತುಕೋಳಿಗೆ. ಎಲೆಹೊದಿಕೆ ಇಲ್ಲದ ಬರಿ ಮಣ್ಣು ಕಂಡರೆ ದಾರಿಹೋಕರೂ ಬೈದು ಹೋಗುತ್ತಾರೆ.

ಊರಿನವರಿಂದ ಹೊಲ ಸಿಕ್ಕವರಿಗೆ ಇಲ್ಲಿ ಮೊದಲು ನೋಡುವರ್ಷ. ಹನ್ನೆರಡು ತಿಂಗಳು ಸಲಿಕೆ ಮುಟ್ಟುವಂತಿಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಎಲ್ಲಿಂದ ಬರುತ್ತದೆ, ಇರುವೆ ಎಲ್ಲಿ ಗೂಡು ಕಟ್ಟುತ್ತದೆ ಎಂದು ಕೂತು ನೋಡಬೇಕು. ನನಗೆ ಕೂರುವುದೆಂದರೆ ಆಗದು. ಹತ್ತೊಂಬತ್ತರ ವಯಸ್ಸಿನಲ್ಲಿ, ಏಳನೇ ತಿಂಗಳಿಗೇ, ಉಪ್ಪುನೀರು ಬಸಿದು ಹೋಗಲೆಂದು ಬಸಿಗಾಲುವೆ ತೋಡಿದೆ. ಎರಡೇ ಮಳೆಗೆ ನನ್ನ ಹೊಲದ ಉಪ್ಪೆಲ್ಲ ಹರಿದುಹೋಗಿ ಅಕ್ಕ ಯಂಕವ್ವನ ಹೊಲದಲ್ಲಿ ಬೆಳ್ಳಗೆ ಕೂತಿತು. ಅವಳ ನುಗ್ಗೆ ಒಂದೂ ಉಳಿಯಲಿಲ್ಲ. ಐವತ್ತೆರಡು ವರ್ಷದಿಂದ ಆ ಹೊಲ ಬೀಳು. ಸಾಯುವವರೆಗೂ ಅವಳು ಅದನ್ನು ನೋಡುತ್ತಲೇ ಇದ್ದಳು.

ಈಗ ಅದನ್ನು ಅವಳ ಮೊಮ್ಮಗಳು ಹುಲಿಗಿ ಕೇಳಿ ಪಡೆದಿದ್ದಾಳೆ. ನೋಡುವರ್ಷ ಇವತ್ತಿಗೆ ಮುಗಿಯಿತು. ಅವಳು ಎಲ್ಲ ನೋಡಿದಳು, ಬಸಿನೀರು ಸೇರಬೇಕಾದ ಹಳೆಯ ಹಳ್ಳ ಮಾತ್ರ ಕಾಣಲಿಲ್ಲ. ಹೇಗೆ ಕಂಡೀತು? ನಿಮ್ಮವರು ಯಂತ್ರ ತಂದು ಹಳ್ಳ ಮುಚ್ಚಿ ನೆಲ ಸಮ ಮಾಡಿದರು. ಎಲ್ಲಿತ್ತೆಂದು ಒಬ್ಬರೂ ಬರೆದಿಡಲಿಲ್ಲ. ಅವಳು ತಪ್ಪು ಕಡೆ ತೋಡಿದರೆ ಉಪ್ಪು ಇನ್ನೊಬ್ಬರ ಹೊಲ ಸೇರುತ್ತದೆ, ಊರಿನವರು ಹೊಲ ಹಿಂದಕ್ಕೆ ಪಡೆಯುತ್ತಾರೆ.

"ಎಲ್ಲಿ ತೋಡ್ತಿಯವ್ವಾ?" ಎಂದು ನಿನ್ನೆ ಕೇಳಿದೆ.

"ನೀ ತೋಡಿದ್ದು ಬಿಟ್ಟು ಎಲ್ಲ್ಯರ ತೋಡ್ತೀನಿ ಬಿಡ ಆಯಿ," ಎಂದಳು.

ನಕ್ಕೆ. ನಗದೆ ಏನು ಮಾಡಲಿ?

ನೀವು ಒಂದು ಕೆಲಸ ಮಾಡಿ. ಯಂತ್ರ ಬರುವ ಮುಂಚೆ ಹಳ್ಳಕ್ಕೆ ಇಳಿದು, ಅದರ ಉದ್ದಕ್ಕೂ ದಪ್ಪ ಕಲ್ಲು ಹೂಳಿ. ಪರ್ಮಾಕಲ್ಚರ್ ಪುಸ್ತಕ ಬರೆಯುವುದನ್ನು ಆಮೇಲೆ ನೋಡಿಕೊಳ್ಳಿ. ನಾಳೆ ಬೆಳಿಗ್ಗೆ ಹುಲಿಗಿ ಪಡುವಣ ಬದುವಿನಿಂದ ಹಾರೆಯಲ್ಲಿ ನೆಲ ಚುಚ್ಚುತ್ತ ಬರುತ್ತಾಳೆ. ಹಿಂದೆ ನಾನಿರುತ್ತೇನೆ. ಕಪ್ಪು ಎರೆ ನೆಲ ಇದು, ತಾನಾಗಿ ಒಂದು ಕಲ್ಲೂ ಇಲ್ಲ. ಹಾರೆ ಠಣ್ ಎಂದರೆ ಅದು ನೀವೇ.

ದುರುಗವ್ವ