ಸ್ಲ್ಯಾಬಿನ ಮೇಲೆ ಬಿಟ್ಟ ಸರಳುಗಳು

ಮಂಗಸೂಳಿ
೩-೧೦-೧೯೯೧

ಚಿ. ರಾಜಮತಿಗೆ ಅಪ್ಪನ ಆಶೀರ್ವಾದ.

ಅಂದಮೇಲೆ ಗೋಡೆಗೆ ಏನು ಕೆಲಸ ಉಳಿಯಿತು, ನೀನೇ ಹೇಳು! ನಿನ್ನೆ ಬರೆದ ಹಾಳೆಯ ಮೇಲೆ ನಮ್ಮ ಹೊಸ ಮನೆ ಕಟ್ಟುತ್ತಿರುವ ಗೌಂಡಿ ಬಾಳಾಸಾಬ ಚಹಾ ಚೆಲ್ಲಿದ, ಅಲ್ಲಿ ನಿಂತ ಮಾತಿನಿಂದಲೇ ಮುಂದುವರಿಸುತ್ತಿದ್ದೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಹಳೆಯ ಮನೆಯ ಮಾಳಿಗೆಯನ್ನು ಕಲ್ಲಿನ ಗೋಡೆ ಹೊತ್ತಿತ್ತು. ಈಗಿನದು ಫ್ರೇಮ್ ಸ್ಟ್ರಕ್ಚರ್. ಸ್ಲ್ಯಾಬಿನ ಭಾರ ಬೀಮಿಗೆ, ಬೀಮಿನದು ಕಾಲಮ್ಮಿಗೆ, ಕಾಲಮ್ಮಿನದು ಭೂಮಿತಾಯಿಗೆ. ವಾಲ್ ಈಸ್ ಓನ್ಲಿ ಕರ್ಟನ್, ಗೋಡೆ ಬರೀ ಪರದೆ, ಎಂದು ನಮ್ಮ ಕಾಲೇಜಿನ ಸರ್ ಹೇಳುತ್ತಿದ್ದರು. ಅದು ಬೇರೆ ಯಾವುದಕ್ಕೋ ಹೇಳಿದ್ದೋ ಏನೋ, ಈಗ ನೆನಪಿಲ್ಲ.

ಮೊನ್ನೆ ಸ್ಲ್ಯಾಬ್ ಹಾಕಿ, ಓಣಿಗೆಲ್ಲ ಗೋಧಿ ಹುಗ್ಗಿ ಉಣಿಸಿದೆ. ಕಾಲಮ್ಮಿನ ಸರಳುಗಳು ಸ್ಲ್ಯಾಬಿನ ಮೇಲೆ ಮೊಳದುದ್ದ ಚಾಚಿದ್ದವು. ಬಾಳಾಸಾಬ ಕೇಳಿದ, "ಸಾಹೇಬ್ರ, ಸಳಿ ಕತ್ತರಿಸಿ ಬಿಡೂಣೇನ್ರಿ? ಮ್ಯಾಲ ಕಟ್ಟವರು ಯಾರ್ ಅದಾರ?"

"ಕತ್ತರಸಬ್ಯಾಡೋ. ತುಕ್ಕ ಹಿಡೀದಂಗ ಸಿಮೆಂಟ್ ಬಳಿ," ಎಂದೆ.

ನಿನ್ನ ಸೋದರತ್ತೆ ಅಕ್ಕುತಾಯಿ ಸುಮ್ಮನಿರುತ್ತಾಳೆಯೇ? "ಅಣ್ಣಾ, ಸಳಿ ಬಿಡೂದು ಗಂಡಸ್ಮಕ್ಳಿದ್ದವ್ರು. ನೀ ಯಾಕ ಬಿಟ್ಟಿ, ಅರಬಿ ಒಣಾ ಹಾಕಾಕೇನು?"

"ರಾಜಿ ಸಲುವಾಗಿ ಬಿಟ್ಟೇನಿ."

"ಕೊಟ್ಟ ಹೆಣ್ಣಿಗೆ ಯಾರರ ಮನಿ ಕಟ್ಟತಾರೇನೋ?"

"ಕೊಟ್ಟಿದ್ವಿ ಖರೆ. ಅವರಿಗೆ ಇಟಗೊಳ್ಳಾಕ ಬರಲಿಲ್ಲ."

ಅಕ್ಕುತಾಯಿ ನಗು ತಡೆಯಲಾರದೆ ಇನ್ನೊಂದು ಬಟ್ಟಲು ಹುಗ್ಗಿ ಬಡಿಸಿಕೊಂಡಳು.

ಗಂಡನ ಮನೆ ಬಿಟ್ಟ ಮೇಲೆ ಊರ ಮಾತಿಗೆ ಅಂಜಿ ನೀನು ಅಥಣಿಯಲ್ಲಿ ಖೋಲಿ ಹಿಡಿದಿ. ನೌಕರಿ ಬಿಡು ಎನ್ನುವುದಿಲ್ಲ, ಇಲ್ಲಿಂದ ಹೋಗಿಬರಲು ಬಸ್ಸಿದೆ. ಮೇಲೆ ಹತ್ತುವ ಪಾವಟಿಗೆಯನ್ನು ಹೊರಗಿನಿಂದ ಮಾಡಿಸಿದ್ದೇನೆ, ಮೇಲೆ ಕಟ್ಟುವ ಮನೆಯ ಬಾಗಿಲು ನಿನ್ನದೇ. ಎಷ್ಟು ಹೊತ್ತಿಗೆ ಬಂದಿ ಎಂದು ಕೇಳುವವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ. ಗೋಡೆಯಂತೂ ಎಲ್ಲಿ ಬೇಕಾದರೂ ಬರುತ್ತದೆ. ಅಡುಗೆಮನೆ ಎಲ್ಲಿ, ಕಿಟಕಿ ಎಷ್ಟು, ನೀನೇ ಗೆರೆ ಎಳೆದು ಕಳಿಸು. ಐ ಆ್ಯಮ್ ವೆರಿ ಮಚ್ ವೇಟಿಂಗ್.

ಬಾಳಾಸಾಬನ ಮೊಮ್ಮಗಳ ಜಾವಳದ ಸುದ್ದಿ ಬರೆಯುವುದಿತ್ತು. ಆದರೆ ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ತಲೆ ಎತ್ತಿ ನೋಡಿದರೆ ಹೊತ್ತು ಇಳಿದೇಬಿಟ್ಟಿದೆ. ಕತ್ತಲಾಗುವುದರೊಳಗೆ ಉಣ್ಣಬೇಕು, ಇಲ್ಲದಿದ್ದರೆ ನಮ್ಮ ಜೈನ ಧರ್ಮದಂತೆ ಇಂದು ಉಪವಾಸವೇ.

ಹೊಟ್ಟೆ ತುಂಬ ಉಣ್ಣು, ನಗುನಗುತ್ತ ಇರು.

ನಿನ್ನ ಅಪ್ಪ,
ಬಾಪುಸಾಹೇಬ

ತಾ.ಕ.: ದೀಪಾವಳಿಗೆ "ಎರಡು ದಿನ ಬಂದರೆ ನಡೆಯುತ್ತದೆಯೇ" ಎಂದು ಬರೆದಿದ್ದಿ. ಆ ಸಾಲು ದಾಟಿ ಮುಂದೆ ಓದಲು ನನ್ನಿಂದ ಆಗಲಿಲ್ಲ, ಮಗಳೇ. ನಿನ್ನ ಅವ್ವ ಇದ್ದಿದ್ದರೆ ಅವಳನ್ನು ಹೀಗೆ ಕೇಳುತ್ತಿರಲಿಲ್ಲ. ನನ್ನನ್ನೂ ಕೇಳಬೇಡ.