ಎರಡನೇ ಮುಖದ ಮೂರನೇ ಹಾಡು

ಒಬ್ರೆರೊ ಕೇರಿ, ಕಾಲಿ
29 ಡಿಸೆಂಬರ್ 2011

ಮುದ್ದಿನ ಮರ್ಲೇನಿಗೆ, ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ವಲೆನ್ಸಿಯಾದಲ್ಲಿ ಚಳಿ ಹೇಗಿದೆ? ಹೋದ ವರ್ಷ ಹಿಡಿದ ಕೆಮ್ಮು ಈ ಸಲವೂ ಬಂತೋ ಹೇಗೆ? ಎದೆಗೆ ಬಿಸಿ ಎಣ್ಣೆ ಹಚ್ಚಿಕೋ, ಕಾಲುಚೀಲ ಹಾಕಿಕೊಂಡೇ ಮಲಗು. ನಾನು ಕ್ಷೇಮ ಎಂದು ಬರೆಯುವುದು ಪದ್ಧತಿ, ಅದಕ್ಕೇ ಬರೆದಿದ್ದೇನೆ. ಮೊನ್ನೆಯಿಂದ ಬಿಪಿ ಏರಿದೆ, ಊಟ ಸೇರುತ್ತಿಲ್ಲ. ಗಾಬರಿಯಾಗಬೇಡ, ಕಾಯಿಲೆಯಲ್ಲ. ಫೋನು ಮಾಡಬಹುದಿತ್ತು. ಆದರೆ ನಿನ್ನ ಸೋದರತ್ತೆ ಎನೇಯ್ಡಾಳ ಹೆಸರು ಬಂದ ಕೂಡಲೇ ನೀನು ಫೋನು ಕುಕ್ಕುತ್ತೀಯ. ಈ ಕಾಗದದಲ್ಲಿ ಅವಳ ಹೆಸರು ತುಂಬಾ ಸಲ ಬರುತ್ತದೆ, ಹರಿದು ಹಾಕದೆ ಕೊನೆಯ ತನಕ ಓದು ಮಗಳೇ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಎಲ್ಲವನ್ನೂ ಬುಡದಿಂದ ಜೋಡಿಸಿಕೊಳ್ಳದಿದ್ದರೆ ನನಗೇ ನಂಬಿಕೆ ಬರುತ್ತಿಲ್ಲ. ನಿನ್ನ ಅಪ್ಪ ಅರ್ನುಲ್ಫೊ ವಾದ್ಯಗೋಷ್ಠಿಯ ಜೊತೆ ಆಲ್ಬಂ ರೆಕಾರ್ಡು ಮಾಡಲು ಮೆದೆಯೀನ್‌ಗೆ ಹೊರಟ ದಿನ, ಬಸ್‌ಸ್ಟ್ಯಾಂಡಿನಲ್ಲಿ, ನೀನು ಹೊಟ್ಟೆಯಲ್ಲಿದ್ದೀಯ ಎಂದು ನಾನು ಅವರ ಕಿವಿಯಲ್ಲಿ ಹೇಳಿದೆ. ಮರಾಕಾ ಗಿಲಕಿಗಳ ಚೀಲವನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ‘ಯಾರಿಗೂ ಹೇಳ್ಬೇಡ ಕಣೇ, ಬಂದ್ಮೇಲೆ ಅಮ್ಮನ ಮುಂದೆ ನಾನೇ ಹೇಳ್ತೀನಿ, ಮಾರನೇ ದಿನಾನೇ ಚರ್ಚಿಗೆ ಹೋಗೋಣ’ ಅಂದರು. ಬರುವಾಗ ಬಸ್ಸು ಕಣಿವೆಗೆ ಉರುಳಿತು. ಗೋಷ್ಠಿಯಲ್ಲಿ ಬದುಕಿ ಉಳಿದ ಇಬ್ಬರು ಮತ್ತೆ ವಾದ್ಯ ಮುಟ್ಟಲಿಲ್ಲ, ಊರನ್ನೇ ಬಿಟ್ಟರು. ನಾನು ಬಸುರಿ ಎಂದು ಬಾಯಿ ಬಿಟ್ಟಾಗ ಎನೇಯ್ಡಾ ಅಂದದ್ದನ್ನು ನೀನು ಕೇರಿಯ ಹತ್ತು ಬಾಯಿಂದ ಕೇಳಿಯೇ ಬೆಳೆದೆ: ‘ಮನೇಲಿ ಕೋಳಿ ಮೊಟ್ಟೆ ಇಟ್ರೂ ಬೀದಿಗೆಲ್ಲಾ ಸಾರ್ಕೊಂಡು ಬರ್ತಿದ್ದ ನನ್ನ ತಮ್ಮ. ಮಗು ಆಗುತ್ತೆ ಅಂತ ಗೊತ್ತಿದ್ರೆ ಬಾಯ್ಮುಚ್ಕೊಂಡು ಇರ್ತಿದ್ನಾ? ಯಾರದ್ದನ್ನೋ ತಂದು ಸತ್ತವನ ತಲೆಗೆ ಕಟ್ಬೇಡ ಸೆಲ್ಮಿರಾ.’ ಬಲಾಂತಾ ಎಂಬ ಅಪ್ಪನ ಮನೆಹೆಸರನ್ನು ನಿನಗೆ ಇಡಲು ಆ ಮನೆಯವರು ಬಿಡಲಿಲ್ಲ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಅಪ್ಪನದು ಅಮ್ಮನದು ಸೇರಿ ಎರಡೆರಡು ಮನೆಹೆಸರು, ನಿನಗೆ ನನ್ನದೊಂದೇ. ಹತ್ತೊಂಬತ್ತಕ್ಕೆ ಪೆಟ್ಟಿಗೆ ಕಟ್ಟಿ ಹೋದವಳು ಇವತ್ತಿನವರೆಗೂ ಈ ಊರಿನ ಕಡೆ ತಲೆ ಹಾಕಿಲ್ಲ. ನಿನ್ನನ್ನು ಬಾ ಎಂದು ಕರೆಯಲು ನನಗೂ ಬಾಯಿ ಬಂದದ್ದಿಲ್ಲ.

ಆಲ್ಬಂ ಹೊರಬಂದದ್ದು ನಿನ್ನ ಅಪ್ಪ ತೀರಿಕೊಂಡ ಮೇಲೆ. ಅಚ್ಚಾದದ್ದೇ ಸ್ವಲ್ಪ, ಅದರಲ್ಲಿ ಒಂದು ಮಾತ್ರ ಈ ಕೇರಿಗೆ ಬಂತು, ಬಂದದ್ದು ಎನೇಯ್ಡಾಳ ಕಪಾಟಿಗೆ. ರಟ್ಟಿನ ಮೇಲಿನ ಚಿತ್ರದಲ್ಲಿ ಎಡಗಡೆಯಿಂದ ಮೂರನೆಯವರು ನಿನ್ನ ಅಪ್ಪ, ಮರಾಕಾ ಹಿಡಿದು ಹಲ್ಲು ಬಿಟ್ಟಿದ್ದಾರೆ. ಹಾಡಿದ್ದು ಹಿಮ್ಮೇಳದಲ್ಲಿ, ಮೂರು ಗಂಟಲ ನಡುವೆ ಒಂದು ಗಂಟಲು. ನಾನು ಅದನ್ನು ಮುಟ್ಟಿದ್ದಿಲ್ಲ. ಮದುವೆ ಮನೆಗಳಲ್ಲಿ, ಡಿಸೆಂಬರ್ ಕೊನೆಯ ಹಬ್ಬದ ವಾರದಲ್ಲಿ ಪ್ಲೇಟು ಸಂಗ್ರಹಿಸುವವರೆಲ್ಲ ಸೇರುವ ಮೇಳದಲ್ಲಿ ಎನೇಯ್ಡಾ ಅದನ್ನು ತಂದಾಗ ದೂರ ನಿಂತು ಕೇಳಿದ್ದೇನೆ, ತಡೆಯಲಾಗದೆ ಕುಣಿದೂ ಇದ್ದೇನೆ. ನೀನು ಈ ಊರಿನ ಹುಡುಗಿ, ನಿನಗೆ ಬಿಡಿಸಿ ಹೇಳಬೇಕಿಲ್ಲ: ನಿಮಿಷಕ್ಕೆ ಮೂವತ್ಮೂರು ಸುತ್ತು ತಿರುಗಬೇಕಾದ ಪ್ಲೇಟನ್ನು, ದನಿ ಕೀರಲಾದರೂ ಸರಿ, ನಲವತ್ತೈದಕ್ಕೆ ಏರಿಸಿ ಓಡಿಸದಿದ್ದರೆ ಕಾಲಿಯವರಿಗೆ ಕಾಲೇ ಏಳುವುದಿಲ್ಲ. ನಾವು ಆ ಆಲ್ಬಮ್ಮನ್ನು ಬೇರೆ ಹೇಗೂ ಕೇಳಿದವರಲ್ಲ. ಎರಡನೇ ಮುಖದ ಮೂರನೇ ಹಾಡಿನಲ್ಲಿ ತುತ್ತೂರಿಗಳು ನಿಂತು ಬರೀ ಕೊಂಗಾ ಡೋಲು ಉಳಿಯುತ್ತದೆ, ಆಗ ಯಾರೋ ಅಳಿಲಿನ ಹಾಗೆ ಚಿಕಚಿಕ ಎಂದು ಏನೋ ಅನ್ನುತ್ತಾರೆ. ಆ ಜಾಗ ಬಂದರೆ ಸಾಕು, ಜನ ಸಿಳ್ಳೆ ಹಾಕಿ, ಕರವಸ್ತ್ರ ಬೀಸಿ ಕುಣಿಯುತ್ತಿದ್ದರು. ಅದು ಮಾತು ಎಂದೇ ಯಾರೂ ಎಣಿಸಿರಲಿಲ್ಲ.

ಮೊನ್ನೆ ಪಾರ್ಕಿನ ಮರಗಳ ಕೆಳಗೆ ಮೇಳ ಕೂಡಿತ್ತು. ಎನೇಯ್ಡಾ ಆಲ್ಬಂ ಮಾರಲು ತಂದಿದ್ದಾಳೆ ಎಂಬ ಸುದ್ದಿ ಕೇಳಿಯೇ ನಾನು ಹೋದದ್ದು, ಕೊನೆಯ ಸಲ ಕೇಳಿಬಿಡೋಣ ಅಂತ. ಅವಳಿಗೂ ವಯಸ್ಸಾಯಿತು, ಮಕ್ಕಳಿಲ್ಲ, ತನ್ನ ನಂತರ ಕಸಕ್ಕೆ ಹೋಗಬಾರದು ಎಂದು ಬೊಗೋಟಾದ ಒಬ್ಬ ಸಂಗ್ರಹಕಾರನಿಗೆ ಮಾತು ಕೊಟ್ಟಿದ್ದಳಂತೆ. ಆ ಸುಡುಬಿಸಿಲಲ್ಲೂ ಮನುಷ್ಯ ಕೋಟು ತೊಟ್ಟಿದ್ದ. ಪ್ಲೇಟು ಹಾಕುವ ಎರ್ಮೆಸ್ ಅಜ್ಜನ ಸುತ್ತ ಎಂದಿನ ಜಗಳ ನಡೆದಿತ್ತು, ಯಾವ ಆಲ್ಬಂ ಕಾಲಕ್ಕೆ ನಿಲ್ಲುತ್ತದೆ, ಯಾವುದನ್ನು ಮನೆಯಲ್ಲಿಟ್ಟುಕೊಳ್ಳಬೇಕು ಅಂತ. ಒಬ್ಬನಿಗೆ ಮೊದಲ ಅಚ್ಚೇ ಆಗಬೇಕು, ಇನ್ನೊಬ್ಬನಿಗೆ ಗೀರು ಇರಬಾರದು, ಮತ್ತೊಬ್ಬನಿಗೆ ಬೇರೆ ಯಾರ ಹತ್ತಿರವೂ ಇರಬಾರದು. ಎರ್ಮೆಸ್ ಅಜ್ಜ ಅಂದ, ‘ಒಂದೇ ಹಾಡಿಗೆ ಅಂತ ತಗೊಂಡ್ರೆ ಅದು ಹಬ್ಬದ ದಿನದ ಪರಿಚಯ ಕಣ್ರೋ. ಸೂಜಿ ಎತ್ತದೆ ಎರಡೂ ಮುಖ ಕೇಳ್ತೀರಲ್ಲ, ಅದು ಸಂಸಾರ.’ ನಾನು ಚಾಂಪೂಸ್ ಪಾನಕದ ಲೋಟ ಹಿಡಿದು ಬೇಲಿಯ ಹತ್ತಿರ ನಿಂತಿದ್ದೆ. ನನ್ನ ಹತ್ತಿರ ಒಂದು ಪ್ಲೇಟೂ ಇಲ್ಲದ್ದರಿಂದ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಬೊಗೋಟಾದವನು ಕೊಳ್ಳುವ ಮೊದಲು ಒಂದು ಶರತ್ತು ಹಾಕಿದ. ‘ಸವೆದಿದೆಯೋ ಇಲ್ಲವೋ ನಾನು ನೋಡಬೇಕು, ಅದರ ವೇಗದಲ್ಲೇ ಹಾಕಿ, ಮೂವತ್ಮೂರರಲ್ಲಿ.’ ಜನ ಬಿಡುತ್ತಾರೆಯೇ? ಮೊದಲ ಹಾಡು ಎಳೆದುಕೊಂಡು ಶುರುವಾದದ್ದೇ ತಡ, ‘ಯಾರ ಸಾವಾಯ್ತಪ್ಪಾ?’ ಅಂದ ಒಬ್ಬ. ‘ಬೊಗೋಟಾದವರ ಕಾಲು ಸಿಮೆಂಟಿಂದು, ಇಷ್ಟೇ ಓಡೋದು’ ಅಂದಳು ಒಬ್ಬಳು. ನನಗೂ ನಗು ಬಂತು ಮಗಳೇ. ಹಾಗೆ ನಗುತ್ತಾ, ಆಕಳಿಸುತ್ತಾ ಎರಡನೇ ಮುಖದ ಮೂರನೇ ಹಾಡಿನವರೆಗೆ ಬಂದೆವು. ತುತ್ತೂರಿ ನಿಂತಿತು. ಸಿಳ್ಳೆ ಹಾಕಲು ಬೆರಳು ಬಾಯಿಗಿಟ್ಟವರು ಹಾಗೇ ನಿಂತರು, ಯಾಕೆಂದರೆ ಅಳಿಲು ಬರಲಿಲ್ಲ. ಒಬ್ಬ ಗಂಡಸು ಮಾತಾಡಿದ. ದಪ್ಪ ದನಿ, ಸ್ವಲ್ಪ ಒಡೆದ ಹಾಗಿತ್ತು. ‘ಸೆಲ್ಮಿರಾ’ ಅಂದ.

ನನ್ನ ಕೈಯ ಲೋಟ ಬಿತ್ತು. ‘ಇದು ಅರ್ನುಲ್ಫೊ, ಇದು ಅರ್ನುಲ್ಫೊ’ ಎಂಬ ಕೂಗು ಎದ್ದಿತು, ಆ ಗದ್ದಲದಲ್ಲಿ ಮುಂದಿನ ಮಾತು ಮುಳುಗಿಹೋಯಿತು. ಎನೇಯ್ಡಾಳ ಮುಖ ಅರಳಿತ್ತು, ತಮ್ಮ ಎದ್ದು ಬಂದನೇನೋ ಎಂಬ ಹಾಗೆ. ಅವಳೇ ಎರ್ಮೆಸ್ ಅಜ್ಜನ ತೋಳು ಹಿಡಿದು ‘ಹಿಂದಕ್ಕಿಡು, ಹಿಂದಕ್ಕಿಡು, ಎಲ್ರೂ ಸುಮ್ನಿರಿ’ ಅಂದಳು. ಸೂಜಿ ಹಿಂದಕ್ಕೆ ಹೋಯಿತು. ಪ್ಲೇಟು ಹೇಳಿತು: ‘ಸೆಲ್ಮಿರಾ, ಹೊಟ್ಟೇಲಿರೋದಕ್ಕೆ ಕೇಳಿಸ್ತಾ ಇದ್ಯಾ? ಅಪ್ಪ ಬರ್ತಿದಾನೆ ಅಂತ ಹೇಳೇ.’ ಅಷ್ಟೇ. ಮತ್ತೆ ತುತ್ತೂರಿ.

ಮರ್ಲೇನಿ, ನಾನು ಇದನ್ನು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ. ನನ್ನ ಮಾತನ್ನು ಯಾರೂ ನಂಬದೇ ಇದ್ದಷ್ಟು ವರ್ಷವೂ ನನ್ನ ಸಾಕ್ಷಿ ಈ ಕೇರಿಯ ಪ್ರತಿ ಮದುವೆಯಲ್ಲೂ ಕೂಗಿ ಹೇಳುತ್ತಿತ್ತು. ಅದಕ್ಕೆ ನಾವು ಸಿಳ್ಳೆ ಹಾಕಿದೆವು. ಅದರ ಮೇಲೆ ಕುಣಿದೆವು, ನಾನೂ ಕುಣಿದೆ, ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಂದು ಸಲ ಕುಣಿದದ್ದು ನೆನಪಿದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ನಮ್ಮ ಊರಿನ ಕಾಲುಗಳ ಮೇಲೆಯೇ? ನಿನ್ನ ಅಪ್ಪನಿಗೂ ನಮ್ಮೂರಿನ ಚಾಳಿ ಗೊತ್ತಿತ್ತಲ್ಲ, ಸ್ವಲ್ಪ ನಿಧಾನವಾಗಿ ಹೇಳಬಾರದಿತ್ತೇ ಈ ಮನುಷ್ಯ? ನನಗೆ ಎದೆ ಉರಿಯುತ್ತಿದೆ, ಖುಷಿಯೂ ಆಗುತ್ತಿದೆ, ಎರಡನ್ನೂ ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಬೊಗೋಟಾದವನು ಪಾಪ, ‘ಹಾಗಾದರೆ ಪ್ಯಾಕ್ ಮಾಡಿಸಲೇ?’ ಎಂದು ಕೇಳಿದ. ‘ಸುಮ್ನೆ ಕೂತ್ಕೊಳಯ್ಯಾ’ ಅಂದ ಎರ್ಮೆಸ್ ಅಜ್ಜ. ಎನೇಯ್ಡಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಇನ್ನೊಂದು ಸಲ ಹಾಕಿಸಿದಳು. ಆಮೇಲೆ ಪ್ಲೇಟನ್ನು ತಾನೇ ತೆಗೆದು, ರಟ್ಟಿಗೆ ಹಾಕಿ, ಎದೆಗೆ ಒತ್ತಿಕೊಂಡು ಜನರ ನಡುವೆ ನನ್ನ ಕಡೆಗೆ ನಡೆದು ಬಂದಳು. ಕ್ಷಮಿಸು ಎನ್ನುತ್ತಾಳೆ ಅಂದುಕೊಂಡೆ. ಅಂದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆನೋ ಏನೋ. ಅವಳು ಕೇಳಿದ್ದು ಒಂದೇ, ‘ಮಗು ಎಲ್ಲಿ?’ ನೀನು ತೊಟ್ಟಿಲಲ್ಲಿದ್ದೀಯ ಎಂಬ ಹಾಗೆ ನನ್ನ ಕೈಗಳನ್ನೇ ನೋಡುತ್ತಿದ್ದಳು. ಕೂದಲು ನೆರೆಯುತ್ತಿರುವ ಮಗು, ಸಮುದ್ರದಾಚೆ, ಒಂದೇ ಮನೆಹೆಸರಿನ ಮಗು. ಎನೇಯ್ಡಾ ಆಲ್ಬಮ್ಮನ್ನು ನನ್ನ ಕೈಗಿಟ್ಟು ಹೋದಳು.

ಈಗ ಅದು ಹೊಲಿಗೆ ಯಂತ್ರದ ಮೇಲೆ, ಬಿಸಿಲು ತಾಗದ ಹಾಗೆ ಬಟ್ಟೆ ಹೊದಿಸಿಟ್ಟಿದ್ದೇನೆ. ಒಂದು ಮಾತು ಒಪ್ಪಿಕೊಳ್ಳಬೇಕು, ಅವಳು ಅದನ್ನು ಇಟ್ಟುಕೊಂಡ ಹಾಗೆ ನನ್ನಿಂದ ಆಗುತ್ತಿರಲಿಲ್ಲ. ರಟ್ಟಿನ ಮೂಲೆ ಕೂಡ ಮಡಚಿಲ್ಲ. ಮನೆ ಸೋರಿದ ವರ್ಷ ಅವಳ ಹಾಸಿಗೆ ನೆನೆದಿತ್ತಂತೆ, ಇದು ನೆನೆದಿಲ್ಲ. ರೇಡಿಯೋದಲ್ಲಿ ಬಂದ ಹಾಡು ಬಂದ ಹಾಗೇ ಹೋಗುತ್ತದೆ. ಯಾರೋ ಒಬ್ಬರು, ನಮಗೆ ಆಗದವರೇ ಆಗಲಿ, ಒರೆಸಿ ಜೋಪಾನ ಮಾಡಿದ್ದರಿಂದ ತಾನೇ ನಿನ್ನ ಅಪ್ಪನ ಮಾತು ನನ್ನ ತನಕ ಬಂತು? ಆಲ್ಬಂ ಯಾಕೆ ಕೊಂಡು ಇಟ್ಟುಕೊಳ್ಳಬೇಕು ಎಂದು ಇನ್ನು ಮೇಲೆ ಪಾರ್ಕಿನಲ್ಲಿ ಜಗಳವಾದರೆ ನಾನೂ ಬಾಯಿ ಹಾಕುತ್ತೇನೆ. ಹಾಗಂತ ಅವಳನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ನಿನ್ನೆ ಪಂಡೆಬೋನೊ ಬನ್ನುಗಳ ಪೊಟ್ಟಣ ಹಿಡಿದು ಬಾಗಿಲಿಗೆ ಬಂದಿದ್ದಳು. ಪೊಟ್ಟಣ ಇಸಿದುಕೊಂಡು ಬಾಗಿಲು ಹಾಕಿಕೊಂಡೆ.

ಮೈ ಬೆಚ್ಚಗಿಟ್ಟುಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಅಳುವುದಿದ್ದರೆ ಒಬ್ಬಳೇ ಅಳಬೇಡ, ಯಾರನ್ನಾದರೂ ಕರೆದುಕೋ. ದೇವರು ನಿನ್ನ ತಲೆ ಕಾಯಲಿ.

ನಿನ್ನ ಅಮ್ಮ,
ಸೆಲ್ಮಿರಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ‘ಇದು ಅರ್ನುಲ್ಫೊ’ ಎಂದು ಕೂಗಿದ್ದು ನಾನಲ್ಲ. ಹೆಸರು ಹಿಡಿದು ಕರೆದರೂ ಆ ದನಿ ಯಾರದು ಎಂದು ನನಗೆ ಗೊತ್ತಾಗಲಿಲ್ಲ ಮಗಳೇ. ಯಾರೋ ಪರಗಂಡಸು ಕರೆದ ಅಂದುಕೊಂಡೆ. ಈಗಲೂ ಕಣ್ಣು ಮುಚ್ಚಿ ನೆನೆಸಿಕೊಂಡರೆ ಬರುವುದು ಆ ಅಳಿಲಿನ ದನಿಯೇ. ಕೂಗಿದ್ದು ಎನೇಯ್ಡಾ. ಅವರು ನನ್ನ ಹೆಸರು ಪೂರ್ತಿ ಹೇಳುವ ಮೊದಲೇ ಗುರುತು ಹಿಡಿದಳು. ಆ ದನಿ ಬಲ್ಲವರು ಈ ಊರಲ್ಲಿ ಇನ್ನು ಉಳಿದಿರುವುದು ಅವಳೊಬ್ಬಳೇ, ಅವಳಿಗೆ ಎಂಬತ್ತು ಹತ್ತಿರವಾಯಿತು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾಳೆ. ಪ್ಲೇಟಿನಲ್ಲಿ ಮಾತಾಡುವವನು ನಿನ್ನ ಅಪ್ಪ ಎಂದು ನಿನ್ನ ಪಕ್ಕ ಕೂತು ಹೇಳಲು ನನ್ನಿಂದ ಆಗುವುದಿಲ್ಲ, ಅವಳಿಂದ ಆಗುತ್ತದೆ. ಸಿಟ್ಟು ಆಮೇಲೆ ಮಾಡಿಕೋ, ಮೊದಲು ಬಾ.